ಮೇಣದ ಕೈಯ ಅಳತೆ

"ಬೇರೆ ಯಾವುದರ ಅಳತೆ ಬೇಕಾದರೂ ತಗೋ ಮಗಳೇ. ಆ ಮೇಣದ ಕೈ ಮಾತ್ರ ಬೇಡ."

ಅತ್ತೆ ತೋಳು ಹಿಡಿದು ತಡೆದರು. ಸೊಸೆಗೆ ನಗು ತಡೆಯಲಾಗಲಿಲ್ಲ. ಅವಳು ಈ ಮನೆಗೆ ಹೊಸಬಳು. ಮಹಡಿಯ ಮೇಲೆ ಸಂಸಾರ, ಕೆಳಗೆ ಕೃತಕ ಕೈಕಾಲು ತಯಾರಿಸುವ ಕಾರ್ಯಾಗಾರ. ಟೇಪು ಸುತ್ತಿ ಅಳೆಯುವ ಕಾಲ ಮುಗಿಯಿತೆಂದು ಗಂಡನಿಗೆ ದುಂಬಾಲು ಬಿದ್ದು, ಪರೀಕ್ಷಿಸಿ ನೋಡಲು ಕೈಯಲ್ಲಿ ಹಿಡಿಯುವ ಲೇಸರ್ ಸ್ಕ್ಯಾನರ್ ತರಿಸಿದ್ದಳು. ಗಂಡ ಗಿರಾಕಿಯ ಮನೆಗೆ ಹೋಗಿದ್ದ; ಅವನು ಬರುವಷ್ಟರಲ್ಲಿ ಕಪಾಟಿನಲ್ಲಿದ್ದ ಮೇಣದ ಕೈಯನ್ನು ಅಳೆದು ನೋಡಬೇಕೆಂದಿದ್ದಳು.

"ಯಾರೋ ತನ್ನ ಓರಗಿತ್ತಿ ಕೈ ಕೊಳೀಲಿ ಅಂತ ಮಾಡಿಸಿದ ಮಾಟ ಅದು. ಸುಡೋಕೂ ಧೈರ್ಯ ಸಾಲದೆ ಇಲ್ಲಿ ತಂದು ಹಾಕಿ ಹೋದ್ರು. ನಿಮ್ಮ ಮಾವ ಸುಮ್ಮನಿರಲಾರದೆ ಟೇಪು ಸುತ್ತಿದ್ರು. ಅಳೆದವರನ್ನ ಅದು ಅಳೆಯತ್ತೆ, ಕಣೇ."

"ಮಾವನ ಕೈ ಹೋಗಿದ್ದು ಗಾಯ ಕೀವಾಗಿ ಅಂತ ನಿಮ್ಮ ಮಗನೇ ಹೇಳಿದ್ರಲ್ಲ? ಇದು ಬರೀ ಬೆಳಕು ಅತ್ತೆ. ಮುಟ್ಟೋದೂ ಇಲ್ಲ."

ಅವಳು ಕಪಾಟು ತೆರೆದಳು. ಹಳಸಿದ ಕೊಬ್ಬಿನ ನಾತ ಮುಖಕ್ಕೆ ರಾಚಿತು. ಹಳದಿ ಮೇಣದ ಮುಂಗೈ ಎಣ್ಣೆ ಬೆವರುತ್ತಿತ್ತು. ಬೆರಳ ತುದಿಗೆ ನಿಜವಾದ ಉಗುರುಗಳು. ಅವುಗಳಡಿಯಲ್ಲಿ ಕಪ್ಪು ಕೊಳೆ, ಕೂದಲ ಎಳೆ. ಮೂಗು ಮುಚ್ಚಿಕೊಂಡು, ಚಿಮಟದಲ್ಲಿ ಎತ್ತಿ ಮೇಜಿನ ಮೇಲಿಟ್ಟಳು.

ಮೂರುಕಾಲಿನ ಸ್ಟ್ಯಾಂಡಿನ ಮೇಲಿದ್ದ ಟ್ರ್ಯಾಕರ್ ತನ್ನ ಜೋಡಿ ಕ್ಯಾಮೆರಾಗಳಿಂದ ಸ್ಕ್ಯಾನರನ್ನು ಹಿಂಬಾಲಿಸತೊಡಗಿತು. ಸ್ಕ್ಯಾನರ್ ಎಲ್ಲಿದೆಯೆಂದು ಅದೇ ಕಂಪ್ಯೂಟರ್ ಪರದೆಯಲ್ಲಿ ತೋರಿಸುತ್ತಿದ್ದರಿಂದ ವಸ್ತುವಿಗೆ ಗುರುತಿನ ಚುಕ್ಕೆ ಅಂಟಿಸುವ ತಾಪತ್ರಯವಿಲ್ಲ. ನೀಲಿ ಗೆರೆಗಳು ಮೇಣದ ಮೇಲೆ ಹರಿದವು. ಪರದೆಯಲ್ಲಿ ಬೆರಳುಗಳು ಒಂದೊಂದಾಗಿ ಮೂಡಿದವು. "ನೋಡಿ ಅತ್ತೆ, ಎಷ್ಟು ಚೆಂದ!"

ಆಮೇಲೆ ಪರದೆಯ ಅಂಗೈಯಲ್ಲಿ ತೂತುಗಳು ಕಂಡವು. ತೂತುಗಳೊಳಗೆ ಏನೋ ಮಿಜಿಗುಡುತ್ತಿತ್ತು. ಮೇಜಿನ ಮೇಲಿನ ಮೇಣ ಮಾತ್ರ ನುಣ್ಣಗಿತ್ತು.

ಯಂತ್ರದ ದೋಷವೇ ಇರಬೇಕು. ಅವಳು ಸ್ಕ್ಯಾನರ್ ಕೆಳಗಿಟ್ಟಳು. ಗೆರೆಗಳು ಆರಲಿಲ್ಲ. ಮೇಜಿನ ಮೇಲೆ ಸ್ಕ್ಯಾನರ್ ಅಲುಗಾಡದೆ ಬಿದ್ದಿತ್ತು. ಪರದೆಯಲ್ಲಿ ಮಾತ್ರ ಅದರ ಗುರುತು ಮೆಲ್ಲಗೆ ಅವಳತ್ತ ಚಲಿಸುತ್ತಿತ್ತು. ಮೇಣದ ಕೈಯ ಪಕ್ಕದಲ್ಲಿ ಇನ್ನೊಂದು ಕೈ ಮೂಡತೊಡಗಿತು. ಅವಳದೇ ಕೈ.

ನೀಲಿ ಗೆರೆಗಳು ಅವಳ ಬೆರಳುಗಳನ್ನು ಏರಿದವು. ನೋವಿಲ್ಲ. ತಣ್ಣನೆಯ ಜಿಡ್ಡು. ಗೆರೆ ಹಾದಲ್ಲೆಲ್ಲ ಚರ್ಮ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಜಾರಿತು. ಅಡಿಯಿಂದ ಬೂದುಬಣ್ಣದ ಲೋಳೆ ಒಸರಿತು. ಸಿಹಿಯಾದ, ಗಂಟಲಿಗಂಟುವ ಕೊಳೆತ ನಾತ. ಅವಳು ವಾಂತಿ ಮಾಡಿದಳು. ಪ್ಲಗ್ ಕಿತ್ತಳು. ಗೆರೆಗಳು ಆರಲಿಲ್ಲ. ಮಣಿಕಟ್ಟು ದಾಟಿದವು.

"ಅತ್ತೇ!"

ಅತ್ತೆ ಅವಳನ್ನು ಬಲವಾಗಿ ನೂಕಿದರು. ತಮ್ಮ ಬಲಗೈಯನ್ನು ಬೆಳಕಿಗೆ ಒಡ್ಡಿದರು. "ಮಗು ಅದು, ತಿಳೀದೆ ಮಾಡಿದೆ. ನನ್ನದು ತಗೋ. ಇದನ್ನ ತಗೋ!"

ಗೆರೆಗಳು ನಿಂತವು. ತಿರುಗಿದವು. ಅತ್ತೆಯ ತೋಳಿಗೆ ಹತ್ತಿದವು.

ದಿನ ಕಳೆದಂತೆ ಸೊಸೆಯ ಕೈ ಹೊಸ ಚರ್ಮ ಹೊದ್ದು ಮಾಗಿತು. ಅತ್ತೆಯ ಕೈಯನ್ನು ಆಸ್ಪತ್ರೆಯಲ್ಲಿ ಮೊಣಕೈವರೆಗೆ ಕತ್ತರಿಸಿದರು. ಉಳಿದ ಮೊಂಡಿಗೆ ಎಷ್ಟು ಸಲ ಬ್ಯಾಂಡೇಜು ಬದಲಿಸಿದರೂ ಅದೇ ಲೋಳೆ, ಅದೇ ನಾತ. ನರ್ಸುಗಳು ಬಾಗಿಲಲ್ಲೇ ಮುಖ ತಿರುವುತ್ತಿದ್ದರು. ಸೊಸೆಯೇ ಪಕ್ಕ ಕೂತು ಒರೆಸಿದಳು, ಅತ್ತಳು, ಕ್ಷಮಿಸಿ ಎಂದಳು.

ಅವಳ ಕೆನ್ನೆ ಸವರಿ ಸಮಾಧಾನ ಹೇಳಲೆಂದು ಅತ್ತೆ, ಕೈ ಇಲ್ಲದ್ದನ್ನು ಮರೆತು, ಬಲಗಡೆಯ ಮೊಂಡನ್ನೇ ಎತ್ತಿದರು. ತೊಯ್ದ ಬ್ಯಾಂಡೇಜು ಅವಳ ಕೆನ್ನೆಗೆ ತಗುಲಿತು. ಅವಳು ಚೀರಿ ಹಿಂದಕ್ಕೆ ಹಾರಿದಳು. ಗೋಡೆ ಹಿಡಿದು ಓಕರಿಸಿದಳು. ಸೆರಗಿನಿಂದ ಕೆನ್ನೆಯನ್ನು ತಿಕ್ಕಿದಳು, ರಕ್ತ ಜಿನುಗುವವರೆಗೂ ತಿಕ್ಕಿದಳು.

ತಿರುಗಿ ನೋಡುವಷ್ಟರಲ್ಲಿ ಅತ್ತೆ ಆ ಮೊಂಡನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಿದ್ದರು.

"ಪರವಾಗಿಲ್ಲ ಮಗಳೇ," ಎಂದರು, ಗೋಡೆಯ ಕಡೆ ಹೊರಳುತ್ತಾ. "ಹೋಗು, ಮುಖ ತೊಳ್ಕೋ."