ಹಲಗೆಯ ಮೇಲಿನ ಕಾಲು

ತಂಡಕ್ಕೆ ಬಂದ ಮೊದಲ ದಿನವೇ ಅವನು ಅವಳ ಹಲಗೆಯ ಮೇಲೆ ಕಾಲಿಟ್ಟ.

ಅವಳದು ಆಳೆತ್ತರದ ತಂತಿವಾದ್ಯ, ಡಬಲ್ ಬಾಸ್. ಅದರ ಕಬ್ಬಿಣದ ಮೊನೆ ಜಾರದಿರಲೆಂದು ಕೆಳಗೊಂದು ತೆಳು ಹಲಗೆ ಹಾಕಿಕೊಳ್ಳುತ್ತಿದ್ದಳು. ಟ್ರಂಪೆಟ್ ಹಿಡಿದು ಬಂದವನು, ಅಷ್ಟು ದೊಡ್ಡ ಕೋಣೆಯಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಶೂ ಬಿಚ್ಚಿ, ಹಲಗೆಯ ಅಂಚಿಗೆ ಎಡಗಾಲಿಟ್ಟು ನಿಂತ.

"ಅದು ನನ್ನದು," ಎಂದಳು.

"ತುದಿ ಸಾಕು ನನಗೆ."

"ಶೂ ಯಾಕೆ ಬಿಚ್ಚಿದ್ರಿ?"

"ನಿಮ್ಮ ಹಲಗೆ ಕೊಳೆ ಆಗಬಾರದಲ್ಲ."

ಡೋಲಿನ ಹಿಂದಿನಿಂದ ಮಾವ ಕೆಮ್ಮಿದ. ಕೇಳದಿದ್ದರೂ ಬುದ್ಧಿ ಹೇಳುವ ಚಟದಿಂದಾಗಿ ಅವನು ಎಲ್ಲರಿಗೂ ಮಾವ. ಅವನ ಡೋಲುಗಳು ದೂರದ ಮರಳುಗಾಡಿನ ಮದುವೆಗಳಲ್ಲಿ ಮೊಳಗಿದ್ದವು. ಪಿಯಾನೋ ನುಡಿಸುವ ಅಜ್ಜಿ, ಯುದ್ಧದಲ್ಲಿ ಮನೆ ಬಿಟ್ಟು ಓಡುವಾಗ ತಲೆಯಲ್ಲಿ ಉಳಿದ ಜೋಗುಳಗಳನ್ನು ಜಾಜ್‌ಗೆ ಬೆರೆಸುತ್ತಿದ್ದಳು. ಒಬ್ಬೊಬ್ಬರದೂ ಒಂದೊಂದು ದೇಶ. ಜಗಳಕ್ಕೆ ಮಾತ್ರ ಒಂದೇ ಭಾಷೆ. ಹಾಲ್‌ಗಳಲ್ಲಿ ಅವರು ನುಡಿಸಿದ್ದು ಕಡಿಮೆ. ಕೆಲಸ ಹೋದವರ ಮುಂದೆ, ಮನೆ ಕೆಡವಿಸಿಕೊಂಡವರ ಮುಂದೆ, ಬೀಗ ಬಿದ್ದ ಗೇಟುಗಳ ಮುಂದೆ ನುಡಿಸುತ್ತಿದ್ದರು.

ಚಳಿಗಾಲವಿಡೀ ಅವನು ಅಲ್ಲೇ ನಿಂತ. ಮೊದಲು ಅವಳ ಬೆರಳು ನೋಡುತ್ತಿದ್ದ, ಆಮೇಲೆ ಮುಖ. ನುಡಿಸಿ ಮುಗಿದಾಗ ಟ್ರಂಪೆಟ್ ಇಳಿಸುತ್ತಾ ಒಂದು ಅರ್ಧ ನಗು. ಅವಳು ಹಲಗೆಯನ್ನು ದಿನವೂ ಒರೆಸತೊಡಗಿದಳು.

"ಏನಾದರೂ ಹೇಳಿದನಾ?" ಅಜ್ಜಿ ಕೇಳುತ್ತಿದ್ದಳು.

"ಇಲ್ಲ."

"ಉಸಿರೆಲ್ಲಾ ಟ್ರಂಪೆಟ್‌ಗೇ ಖರ್ಚಾಗ್ತಿರಬೇಕು."

ಒಮ್ಮೆ ಅವಳು ಹಿಂದಿನಿಂದ ಹೋಗಿ, "ಟೀ ತಂದಿದ್ದೀನಿ," ಎಂದಳು. ಅವನು ತಿರುಗಲೇ ಇಲ್ಲ. ಟೀ ಆರಿತು. ಅವಳ ಮನಸ್ಸೂ ಮುದುಡಿತು. ಕಾಲಿಡುವುದಕ್ಕೆ ಹಲಗೆ ಬೇಕು, ಮಾತಿಗೆ ನಾನು ಬೇಡವೇ ಎಂದುಕೊಂಡಳು.

ಮರುವಾರ ಲಾಂಡ್ರಿಯ ಗೇಟಿನ ಮುಂದೆ ಸಭೆ. ಆಸ್ಪತ್ರೆಗಳ ಹೊದಿಕೆ ಒಗೆಯುವ ಹೆಂಗಸರು, ಬ್ಲೀಚ್‌ಗೆ ಬೆರಳ ತುದಿ ಬೆಳ್ಳಗಾದವರು. ಕೈಗವಸು ಕೇಳಿದ್ದಕ್ಕೆ ಅವರನ್ನು ಹೊರಗೆ ಹಾಕಿದ್ದರು. ಅವಳು ಬೇಕೆಂದೇ ಹಲಗೆಯನ್ನು ಕೋಣೆಯಲ್ಲೇ ಬಿಟ್ಟು ಹೋದಳು. ಪಕ್ಕದಲ್ಲಿ ನಿಲ್ಲಬೇಕಿದ್ದರೆ ಬಾಯಿ ಬಿಟ್ಟು ಕೇಳಲಿ.

ಅವನು ಸಿಮೆಂಟ್ ನೆಲ ನೋಡಿದ, ಅವಳನ್ನು ನೋಡಿದ. ಕೇಳಲಿಲ್ಲ. ಮಾವ ಆಗಲೇ ಡೋಲು ಕೊರಳಿಗೆ ಹಾಕಿಕೊಂಡು ಜನರ ನಡುವೆ ಇಳಿದಿದ್ದ.

ಹೆಂಗಸರ ಹಾಡನ್ನು ಟ್ರಂಪೆಟ್ ಎತ್ತಿಕೊಡಬೇಕಿತ್ತು. ಅವನು ಮುಂಚೆಯೇ ಶುರುಮಾಡಿದ, ಆಮೇಲೆ ಹಿಂದೆ ಬಿದ್ದ. ಹಾಡುವವರು ಅವನನ್ನು ಹಿಡಿಯಲು ಓಡಿದರು, ನಿಂತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೇಟಿನೊಳಗಿಂದ ಯಾರೋ ನಕ್ಕರು. ಅವನು ಮಾತ್ರ ಕಣ್ಣು ಮುಚ್ಚಿ ಊದುತ್ತಲೇ ಇದ್ದ. ಕೊನೆಗೆ ಮಾವ ಹೋಗಿ ಭುಜ ಮುಟ್ಟಿದ.

ಸಭೆ ಚದುರಿದಾಗ ಗೋಡೆ ಪಕ್ಕದ ಮೆಟ್ಟಿಲಲ್ಲಿ ಅವನು ಕೂತಿದ್ದ. ಅವಳು ಬಾಸ್ ಎಳೆದುಕೊಂಡೇ ಹೋಗಿ ಎದುರಿಗೆ ಕೂತಳು.

"ಬಲಗಿವಿ ಮೊದಲೇ ಹೋಗಿತ್ತು," ಎಂದ. "ಎಡಗಿವಿನೂ ಈ ಚಳಿ ದಾಟಲ್ಲ ಅಂದಿದ್ದರು ಡಾಕ್ಟರು. ಹಾಗೇ ಆಯ್ತು. ಎದುರಿಗಿದ್ದರೆ ತುಟಿ ನೋಡಿ ಮಾತು ತಿಳ್ಕೋತೀನಿ. ತಾಳ ಹಾಗೆ ಸಿಗಲ್ಲ. ನಿಮ್ಮ ಹಲಗೆ ಅದುರೋದು ಕಾಲಿಗೆ ಗೊತ್ತಾಗ್ತಿತ್ತು."

ಆರಿದ ಟೀ ಅವಳಿಗೆ ನೆನಪಾಯಿತು.

"ನಾನು ಬೇಕಂತಲೇ ಬಿಟ್ಟು ಬಂದೆ. ನೀವು ಕೇಳಲಿ ಅಂತ."

"ಕೇಳಿದ್ದರೆ ಕಾರಣ ಹೇಳಬೇಕಾಗ್ತಿತ್ತು. ಇವತ್ತಿಗೆ ಮುಗೀತು ಬಿಡಿ. ಆ ಹೆಂಗಸರ ಹಾಡು ಇನ್ನೊಂದು ಸಲ ಕೆಡಿಸಲಾರೆ."

ಅವಳು ನಿಧಾನವಾಗಿ, ತುಟಿ ಕಾಣುವಂತೆ ಹೇಳಿದಳು. "ಹಾಗಾದರೆ ಇಷ್ಟು ದಿನ ನಿಂತಿದ್ದು ಅದುರೋದಕ್ಕೆ."

"ಕೋಣೆಯಲ್ಲಿ ಮಾವನ ಡೋಲಿನ ಕೆಳಗೂ ಹಲಗೆ ಇದೆ. ನಿಮ್ಮದಕ್ಕಿಂತ ಜೋರಾಗಿ ಅದುರುತ್ತೆ."

"ಮತ್ತೆ ಅಲ್ಲಿ ಯಾಕೆ ನಿಲ್ಲಲಿಲ್ಲ?"

"ಮಾವನ ಮುಖ ನೋಡಿದ್ದೀರಲ್ಲ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ. ಅವನು ತಲೆ ತಗ್ಗಿಸಿದ. "ಕಿವಿ ಇರೋವಾಗ ಹೇಳಬೇಕಿತ್ತು. ಈಗ ಹೇಳಿದರೆ ನಿಮಗೊಂದು ಹೊರೆ ಹೊರಿಸಿದ ಹಾಗೆ."

ತಲೆ ತಗ್ಗಿಸಿದವನಿಗೆ ಅವಳ ತುಟಿ ಕಾಣುತ್ತಿರಲಿಲ್ಲ. ಅವಳು ಎದ್ದು, ಅವನ ಕೈ ಹಿಡಿದು ಬಾಸ್‌ನ ಹೊಟ್ಟೆಯ ಮೇಲೆ ಅಂಗೈ ಊರಿಸಿದಳು. ಕೆಟ್ಟುಹೋದ ಅದೇ ಹಾಡನ್ನು ಮೆಲ್ಲಗೆ ಮೀಟತೊಡಗಿದಳು.

ಬ್ಯಾನರ್ ಮಡಚುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಅವಳ ಹಿಂದೆ ಮತ್ತೊಬ್ಬಳು.

"ಹಾಡ್ತಿದ್ದಾರಾ?" ಎಂದ.

ಅವಳು ಹೌದೆಂದು ತಲೆಯಾಡಿಸಿದಳು.

ಅವನು ಟ್ರಂಪೆಟ್ ಎತ್ತಲಿಲ್ಲ. ಹಾಡು ಮುಗಿಯಿತು. ತಂತಿ ಸುಮ್ಮನಾದದ್ದು ಅವನ ಅಂಗೈಗೆ ಗೊತ್ತಾಯಿತು. ಆದರೂ ಕೈ ತೆಗೆಯಲಿಲ್ಲ.