ಮೊಳೆಯಿಲ್ಲದ ದನಿ

“ನುಡಿಸ್ಕೋ, ಬ್ಯಾಡ ಅನ್ನಲ್ಲ ಅಳಿಮಯ್ಯ. ಆದ್ರೆ ಇದರ ದನೀನ ಇನ್ನೊಂದು ಪೆಟ್ಟಿಗೆಗೆ ಮಾತ್ರ ಇಳಿಸಬ್ಯಾಡ,” ಎಂದಳು ಉಜ್ಜಿನಮ್ಮ.

ಚಂದ್ರಮೋಹನ್ ಆಗಲೇ ಗಿಟಾರಿನ ದನಿ ಹಿಗ್ಗಿಸುವ ಆ ಹಳೇ ಆಂಪ್ ಪೆಟ್ಟಿಗೆಯನ್ನು ಆಟೋದ ಹಿಂದಿನ ಸೀಟಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದ. ಇನ್ನೊಂದು ಪೆಟ್ಟಿಗೆಗೆ ಇಳಿಸುವುದಕ್ಕೆಂದೇ ಅವನು ಮಡಕಶಿರದಿಂದ ಗುಡಿಬಂಡೆಗೆ ಬಂದಿದ್ದ. ಹಾಗೆಂದು ಹೆಂಡತಿಯ ದೊಡ್ಡಮ್ಮನ ಎದುರು ಬಾಯಿಬಿಡುವಷ್ಟು ದಡ್ಡನೇನಲ್ಲ. ಬಂದ ನಗುವನ್ನು ನುಂಗಿಕೊಂಡ.

ರಾಯದುರ್ಗದವನು ಅವನು. ಶ್ರಾವಣಿಯನ್ನು ಮದುವೆಯಾಗಿ ಮಡಕಶಿರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಿಟಾರ್ ನುಡಿಸುತ್ತಿದ್ದ, ಮನೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತಿದ್ದ, ರೆಕಾರ್ಡಿಂಗ್ ಸಾಮಾನುಗಳನ್ನು ಒಂದಕ್ಕೊಂದು ತಾಳೆ ನೋಡಿ ಯೂಟ್ಯೂಬಿನಲ್ಲಿ ತೀರ್ಪು ಕೊಡುತ್ತಿದ್ದ. ಈ ಸಲದ ಸರದಿ ಆಂಪ್ ಮಾಡೆಲರ್‌ಗಳದು. ಗಿಟಾರಿನ ಆಂಪ್ ಅನ್ನು ಮನೆಯೊಳಗೆ ಜೋರಾಗಿ ಹಚ್ಚಿದರೆ ಓಣಿಯವರೆಲ್ಲ ಬಾಗಿಲಿಗೆ ಬರುತ್ತಾರೆ. ಅದಕ್ಕೇ ಈ ಮಾಡೆಲರ್. ಅದು ಒಮ್ಮೆ ಆಂಪ್‌ನ ದನಿ ಕೇಳಿ ಕಲಿತುಬಿಟ್ಟರೆ ಮುಗಿಯಿತು. ಆಮೇಲೆ ನೀವು ಏನು ನುಡಿಸಿದರೂ ಆ ಸಣ್ಣ ಡಬ್ಬಿ ಅದೇ ದನಿಯಲ್ಲಿ ಉತ್ತರ ಕೊಡುತ್ತದೆ, ಹೆಡ್‌ಫೋನಿನಲ್ಲಿ ಕೇಳಿಕೊಂಡು ಕೂರಬಹುದು. ಮಂದಿಯೆಲ್ಲ ಅವೇ ನಾಲ್ಕು ವಿದೇಶಿ ಆಂಪ್‌ಗಳನ್ನು ನಕಲು ಮಾಡಿ ಸವಕಲು ಮಾಡಿದ್ದರು. ತಾನು ಯಾರೂ ಕೇಳದ ಆಂಪ್ ಒಂದನ್ನು ಮೂರು ಮಾಡೆಲರ್‌ಗಳಿಗೆ ಕಲಿಸಬೇಕು, ಆ ದನಿಯ ಮೇಲೆ ಶ್ರಾವಣಿ ಹಾಡಬೇಕು ಎಂದು ಅವನು ಹಟ ತೊಟ್ಟಿದ್ದ. ಅವಳ ದನಿ ಎಂದರೆ ಅವನಿಗೆ ಪ್ರಾಣ. ಅವಳ ಮುಖ ನೋಡುವ ಮೊದಲೇ, ಯಾರದೋ ಮದುವೆಯಲ್ಲಿ ಚಪ್ಪರದ ಆಚೆಯಿಂದ ಅವಳ ಸೋಬಾನೆ ಕೇಳಿ ಸೋತಿದ್ದ.

ಆಂಪ್ ಉಜ್ಜಿನಮ್ಮನ ಗಂಡ ಮೂಕಪ್ಪನದು. ನಾಟಕದ ಕಂಪನಿಗೆ ಗಿಟಾರ್ ನುಡಿಸುತ್ತಿದ್ದ ಆಸಾಮಿ ಹಳೇ ರೇಡಿಯೋ ವಾಲ್ವ್‌ಗಳನ್ನು ಬೇವಿನ ಹಲಗೆಯ ಪೆಟ್ಟಿಗೆಯಲ್ಲಿ ಕೂರಿಸಿ ತಾನೇ ಮಾಡಿಕೊಂಡದ್ದು. ಅದರ ಬೆನ್ನಿಗೆ ಒಂದು ತಾಮ್ರದ ತಗಡು, ತಗಡಿನ ಸುತ್ತ ಉದ್ದುದ್ದ ಕಬ್ಬಿಣದ ಮೊಳೆ, ಮೊಳೆಯಿಂದ ಮೊಳೆಗೆ ಎಳೆದ ಕರಿದಾರ. ಹತ್ತಿರ ಹೋದರೆ ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರುತ್ತಿತ್ತು.

“ಆಗದೋರು ನಿಮ್ಮ ದೊಡ್ಡಪ್ಪನ ಮ್ಯಾಲೆ ಮಾಟ ಮಾಡಿಸಿದ್ರು,” ಎಂದಳು ಉಜ್ಜಿನಮ್ಮ. “ಗಿಟಾರ್ ಮೀಟಿದ್ರೆ ಸಾಕು, ಆ ದನಿ ಕೇಳಿ ಅವರ ಎಡಗೈ ತಂತಾನೇ ಎದ್ದು ಕೊರಳು ಹುಡುಕ್ತಿತ್ತು. ನೋಡಿಲ್ಲಿ.”

ಸೆರಗು ಸರಿಸಿದಳು. ಮುದಿ ಕೊರಳಿನ ಒಂದು ಪಕ್ಕಕ್ಕೆ ಹೆಬ್ಬೆರಳಿನ ಗುಳಿ, ಇನ್ನೊಂದು ಪಕ್ಕಕ್ಕೆ ಉಳಿದ ಬೆರಳುಗಳದ್ದು.

“ಹಿಸುಕೋವಾಗ ಅವರು ಅಳ್ತಿದ್ರು ಕಣಪ್ಪ. ಕೈ ಮಾತ್ರ ಬಿಡ್ತಿರಲಿಲ್ಲ. ಮಂತ್ರವಾದಿ ಬಂದು ಅದನ್ನ ಈ ಪೆಟ್ಟಿಗೆಗೆ ಇಳಿಸಿ ಮೊಳೆ ಹೊಡೆದ. ಇದರೊಳಗೆ ಇರೋಗಂಟ ಅದು ಗುರ್ ಅಂತದೆ, ಅಷ್ಟೇ. ಮೈಕ್ ಸೆಟ್ಟಿನ ದೊಡ್ಡರಂಗಪ್ಪ ಮಾತು ಕೇಳಲಿಲ್ಲ. ಇದರಿಂದ ವೈರು ಎಳೆದು ಇನ್ನೊಂದು ಪೆಟ್ಟಿಗೆಗೆ ಕೊಟ್ಟ. ಒಡಹುಟ್ಟಿದ ತಮ್ಮನೇ ಅವನ ಕೊರಳಿಗೆ ಕೈ ಹಾಕಿದ. ನಾನು ವೈರು ತಿರುಗಿಸಿ ಕೊಡಿಸಿ, ಅದನ್ನ ವಾಪಸ್ ಇದರೊಳಕ್ಕೆ ಇಳಿಸೋ ಹೊತ್ತಿಗೆ ಅವನ ಉಸಿರು ಹೋಗಿತ್ತು.”

“ತಮ್ಮ ಕುಡಿದಿರಬೇಕ್ರಿ ದೊಡ್ಡಮ್ಮ.”

“ಕುಡಿಯೋನಲ್ಲ.”

“ಹಂಗಾರ ವೈರಿನ್ಯಾಗ ಕರೆಂಟ್ ಬಂದಿರಬೇಕು. ಶಾಕ್ ಹೊಡೆದ್ರ ಕೈ ಹಿಡಕಂತೈತಿ, ಬಿಡಂಗಿಲ್ಲ. ಇದಕ್ಕ ಮಾಟ ಯಾಕ ಬೇಕ್ರಿ?” ಎಂದು ಚಂದ್ರಮೋಹನ್ ಈಗ ನಕ್ಕೇಬಿಟ್ಟ. ಉಜ್ಜಿನಮ್ಮ ನಗಲಿಲ್ಲ. ಆಟೋ ತಿರುವು ದಾಟುವವರೆಗೂ ತನ್ನ ಕೊರಳನ್ನು ತಾನೇ ಸವರಿಕೊಳ್ಳುತ್ತ ನಿಂತಿದ್ದಳು.

ಮಡಕಶಿರದಲ್ಲಿ ಕೋಟೆ ಬೆಟ್ಟದ ಬುಡಕ್ಕೆ ಅವನ ಮಾವನ ಮನೆ, ಅದರ ಹಿಂದೆ ಖಾಲಿಬಿದ್ದ ರೇಷ್ಮೆ ಹುಳದ ಮನೆ. ಅದೇ ಅವನ ಸ್ಟುಡಿಯೋ. ಕಿಟಕಿಗಳಿಗೆ ಗೋಣಿಚೀಲ, ಹಳೇ ಹಾಸಿಗೆ ಜಡಿದಿದ್ದ. ರೇಷ್ಮೆಹುಳ ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳನ್ನು ಗೋಡೆ ತುಂಬ ನೇತುಹಾಕಿದ್ದ. ಅವುಗಳ ಸುರುಳಿಗೆ ಸಿಕ್ಕ ಸದ್ದು ಮುರಿದುಹೋಗಿ ಕೋಣೆಯಲ್ಲಿ ಮಾರ್ದನಿ ಏಳುತ್ತಿರಲಿಲ್ಲ. ಇಂಥ ಉಪಾಯಗಳಲ್ಲಿ ಅವನು ನಿಜಕ್ಕೂ ಗಟ್ಟಿಗ. ಬಾಗಿಲು ಹಾಕಿದರೆ ನಡುಮಧ್ಯಾಹ್ನವೂ ಒಳಗೆ ಕಗ್ಗತ್ತಲು. ಹಿಪ್ಪುನೇರಳೆ ಸೊಪ್ಪಿನ ಹಳಸಲು ವಾಸನೆ, ಬ್ಲೀಚಿಂಗ್ ಪುಡಿಯ ಘಾಟು. ಒಳಗಿನವರು ಕೂಗಿದರೆ ಹೊರಗೆ ಕೇಳುತ್ತಿರಲಿಲ್ಲ.

ಮರುದಿನ ಊಟ ಮುಗಿಸಿ ಕೆಲಸಕ್ಕೆ ಕೂತ. ಮೂಕಪ್ಪನ ಆಂಪ್ ಎದುರು ಮೈಕ್ ನಿಲ್ಲಿಸಿದ. ಮೊದಲು ಕಾಲಲ್ಲಿ ತುಳಿಯುವ ಅಗ್ಗದ ಮಾಡೆಲರ್, ಆಮೇಲೆ ಗೆಳೆಯನಿಂದ ಕೇಳಿ ತಂದ ದುಬಾರಿಯದು, ಕೊನೆಗೆ ಲ್ಯಾಪ್‌ಟಾಪಿನೊಳಗಿನ ಸಾಫ್ಟ್‌ವೇರ್. ಪ್ರತಿಯೊಂದೂ ತನ್ನ ಪರೀಕ್ಷೆಯ ಸದ್ದುಗಳನ್ನು ಆಂಪ್‌ಗೆ ಕಳಿಸಿತು. ಟಿಕ್ ಟಿಕ್ ಎಂಬ ಬಡಿತ, ಮೇಲೇರುತ್ತ ಹೋಗುವ ಶಿಳ್ಳೆ, ಭುಸ್ಸೆನ್ನುವ ಗಾಳಿ. ಆಂಪ್ ಗುರುಗುಟ್ಟಿ ಉತ್ತರ ಕೊಟ್ಟಿತು. ಮೈಕ್ ಕೇಳಿಸಿಕೊಂಡಿತು, ಡಬ್ಬಿಗಳು ಕಲಿತುಕೊಂಡವು. ಬೆನ್ನಿನ ಮೊಳೆಗಳು ಮರದೊಳಗೆ ಕಿರುಗುಡುತ್ತಿದ್ದವು. ಸ್ಪೀಕರಿನ ಅದುರಾಟ ಇರಬೇಕು ಎಂದುಕೊಂಡ.

ತಾಳೆ ನೋಡಲು ಕೂತಾಗ ಅವನಿಗೇ ಸೋಜಿಗ. ಮಾಡೆಲರ್ ಎಷ್ಟೇ ಒಳ್ಳೆಯದಿರಲಿ, ಅಸಲಿ ಆಂಪ್‌ಗಿಂತ ಒಂದು ಗುಲಗಂಜಿ ಕಡಿಮೆಯೇ. ಅದು ಆ ಕಸುಬಿನವರಿಗೆಲ್ಲ ಗೊತ್ತಿದ್ದ ಸಂಗತಿ. ಇಲ್ಲಿ ಉಲ್ಟಾ. ಅಸಲಿಯಲ್ಲಿ ನುಡಿಸಿದರೆ ಸಪ್ಪೆ, ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದಂತೆ. ಮೂರೂ ನಕಲುಗಳಲ್ಲಿ ಮಾತ್ರ ದನಿಗೆ ಜೀವವಿತ್ತು. ಅಗ್ಗದ್ದಕ್ಕೂ ದುಬಾರಿಯದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ದನಿ ಆಂಪ್ ಬಿಟ್ಟು ಹೊರಟುಹೋಗಿದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ವಿಡಿಯೋಗೆ ಎಂಥಾ ಸುದ್ದಿ ಸಿಕ್ಕಿತು ಎಂದು ಹಿಗ್ಗಿ ಹೀರೇಕಾಯಿಯಾದ.

ಒಂದು ಸ್ವರ ಎಳೆದು ಬಿಟ್ಟು, ಅದು ಎಷ್ಟು ಹೊತ್ತು ನಿಲ್ಲುತ್ತದೆಂದು ಹೆಡ್‌ಫೋನಿನಲ್ಲಿ ಕಣ್ಣುಮುಚ್ಚಿ ಕೇಳಿದ. ಸ್ವರ ಅಡಗಿ ಕಣ್ಣು ಬಿಟ್ಟಾಗ ಅವನ ಎಡಗೈ ಅವನದೇ ಕೊರಳ ಮೇಲಿತ್ತು. ಬೆವರಿಗೆ ಕೆರೆದುಕೊಂಡಿರಬೇಕು ಎಂದು ಇಳಿಸಿಕೊಂಡ.

“ಶ್ರಾವಣಿ, ಬಾ ಇಲ್ಲಿ, ಒಂದು ಟೇಕ್ ಹಾಡು,” ಎಂದು ಕರೆದ.

ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಒಳಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು.

“ಏನ್ರೀ ಇದು, ಕೂದ್ಲು ಸುಟ್ಟ ವಾಸನೆ? ದೊಡ್ಡಮ್ಮ ಏನೋ ಹೇಳಿದ್ರಂತೆ. ಇಳಿಸಲಿಲ್ಲ ತಾನೆ?”

“ಇಳಿಸಿದ್ದು ನಕಲು. ಅಸಲಿ ಅಲ್ಲೇ ಐತಿ ನೋಡು, ಮೊಳೆ ಸಮೇತ.”

“ನಂಗ್ಯಾಕೋ ಭಯ ಆಗ್ತೈತೆ ಕಣ್ರೀ.”

“ನಿನ್ನ ದನಿ ಮುಂದ ದೆವ್ವನೂ ಕೈಕಟ್ಟಿ ಕೂತು ಕೇಳತೈತಿ. ಹಾಡು.”

ಬಾಗಿಲು ಹಾಕಿದ. ಹೆಡ್‌ಫೋನ್ ಕಿತ್ತು, ಮೂರೂ ಮಾಡೆಲರ್‌ಗಳನ್ನು ಸ್ಪೀಕರಿಗೆ ಕೊಟ್ಟು ದನಿ ಏರಿಸಿದ. ಅವಳು ಮೈಕಿನ ಎದುರು ನಿಂತು ಸೋಬಾನೆಯ ಮೊದಲ ಸಾಲು ಎತ್ತಿಕೊಂಡಳು. ಅವನು ತಂತಿ ಮೀಟಿದ.

ಸ್ವರ ಎದ್ದಿತು. ಅಡಗಲಿಲ್ಲ. ಅವನು ತಂತಿ ಬಿಟ್ಟಮೇಲೂ ಊಳಿಡುತ್ತಲೇ ಇತ್ತು. ಚಂದ್ರಿಕೆಗಳೆಲ್ಲ ಗೋಡೆಯ ಮೇಲೆ ಪಟಪಟ ಬಡಿದುಕೊಂಡವು. ಶ್ರಾವಣಿ ಹಾಡು ನಿಲ್ಲಿಸಿ ಅವನತ್ತ ತಿರುಗಿದಳು. ಅವನ ಎಡಗೈ ಗಿಟಾರ್ ಬಿಟ್ಟು ಮೇಲೆದ್ದಿತ್ತು.

ಇಳಿಸಲು ನೋಡಿದ. ಆಗಲಿಲ್ಲ. ಕೈ ಮುಂದಕ್ಕೆ ಹೋಯಿತು. ಕೈಯ ಹಿಂದೆ ಅವನೂ ಎಳೆದುಕೊಂಡು ಹೋದ.

“ಶ್ರಾವಣಿ, ಓಡು!”

ಅವಳು ಬಾಗಿಲಿಗೆ ಹಾರಿದಳು. ಚಿಲಕ ಸಿಗುವ ಮೊದಲೇ ಬೆರಳುಗಳು ಅವಳ ಕೊರಳಿಗೆ ಬಿದ್ದವು. ತಂತಿ ಒತ್ತಿ ಒತ್ತಿ ಕಲ್ಲಾಗಿದ್ದ ಬೆರಳ ತುದಿಗಳು. ಅವು ಅವಳ ಗಂಟಲ ನರಗಳ ಮೇಲೆ ಸ್ವರ ಹಿಡಿದವು. ಬಿಟ್ಟವು. ಇನ್ನೊಂದು ಹಿಡಿದವು. ಪ್ರತಿ ಹಿಡಿತಕ್ಕೂ ಊಳು ಬದಲಾಯಿತು. ಅವಳನ್ನೇ ನುಡಿಸುತ್ತಿದ್ದವು.

ಬಲಗೈಯಿಂದ ಎಳೆದ. ಬರಲಿಲ್ಲ. ಹಲ್ಲಿಂದ ಕಚ್ಚಿದ. ಬಾಯಿಗೆ ರಕ್ತ ಬಂತು, ಬೆರಳು ಸಡಿಲಲಿಲ್ಲ. ಕಾಲಿಂದ ಒದ್ದು ಪ್ಲಗ್ ಕಿತ್ತ. ಲೈಟು ಹೋಯಿತು. ದನಿ ಹೋಗಲಿಲ್ಲ. ಲ್ಯಾಪ್‌ಟಾಪಿನ ನೀಲಿ ಬೆಳಕಲ್ಲಿ ಅವಳ ಮುಖ ಕಪ್ಪಿಡುತ್ತಿತ್ತು. ಕಣ್ಣುಗುಡ್ಡೆ ಹೊರಗೆ. ಉಗುರು ಅವನ ಎದೆಯನ್ನು ಸಿಗಿಯುತ್ತಿತ್ತು.

ಸೊಪ್ಪು ಹೆಚ್ಚುವ ಹಳೇ ಮಚ್ಚು ಬಾಗಿಲ ಪಕ್ಕ ಉಳಿದಿದ್ದ ಹುಳದ ತಟ್ಟೆಗಳ ಸ್ಟ್ಯಾಂಡಿಗೆ ಸಿಕ್ಕಿಸಿತ್ತು. ಬಲಗೈಗೆ ಸಿಕ್ಕಿತು. ಯೋಚಿಸಲಿಲ್ಲ. ಯೋಚಿಸಿದ್ದರೆ ಆಗುತ್ತಿರಲಿಲ್ಲ. ಎಡ ಮುಂಗೈಯನ್ನು ಸ್ಟ್ಯಾಂಡಿನ ಮರಕ್ಕೆ ಒತ್ತಿ ಕೊಚ್ಚಿದ. ಮೂಳೆ ತಡೆಯಿತು. ಮತ್ತೆ ಕೊಚ್ಚಿದ. ಮತ್ತೆ. ಬಿಸಿ ರಕ್ತ ಇಬ್ಬರ ಮುಖಕ್ಕೂ ಚಿಮ್ಮಿತು. ಅವನು ಹಿಂದಕ್ಕೆ ಬಿದ್ದ. ಕೈ ಅವಳ ಕೊರಳಲ್ಲೇ ಉಳಿಯಿತು.

ಕಡಿದುಬಿದ್ದ ಮೇಲೂ ಅದು ಹಿಸುಕುತ್ತಿತ್ತು.

ದನಿ. ದನಿ ನಿಲ್ಲಬೇಕು. ತೆವಳಿಕೊಂಡು ಹೋಗಿ ಅಗ್ಗದ ಡಬ್ಬಿಯ ಮೇಲೆ ಮಚ್ಚು ಬೀಸಿದ. ಅದು ಸೀಳಿತು. ಊಳು ದುಬಾರಿಯದಕ್ಕೆ ಹಾರಿ ಇಮ್ಮಡಿಯಾಯಿತು. ಅದನ್ನೂ ಸೀಳಿದ. ಲ್ಯಾಪ್‌ಟಾಪಿನಿಂದ ಮುಮ್ಮಡಿಯಾಗಿ ಕಿರುಚಿತು. ಪರದೆ, ಕೀಲಿ, ಬ್ಯಾಟರಿ, ಕೈಗೆ ಸಿಕ್ಕಲ್ಲೆಲ್ಲ ಕೊಚ್ಚಿದ. ಪುಡಿಯಾಯಿತು.

ಸದ್ದು ನಿಂತಿತು. ಕತ್ತಲಲ್ಲಿ ಏನೋ ಪೊತ್ತೆಂದು ನೆಲಕ್ಕೆ ಬಿತ್ತು. ಆಮೇಲೆ ಶ್ರಾವಣಿ ಬಾಯಿ ಅಗಲವಾಗಿ ತೆರೆದು ಉಸಿರೆಳೆದುಕೊಂಡದ್ದು ಕೇಳಿಸಿತು. ಉದ್ದನೆಯ, ಹಸಿದ ಉಸಿರು. ಅವಳು ಬದುಕಿದಳಲ್ಲಾ ಎಂಬ ಸಂತೋಷಕ್ಕೇ ಅವನು ಎಚ್ಚರ ತಪ್ಪಿದ.

ಹಿಂದೂಪುರದ ಆಸ್ಪತ್ರೆಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚ. ಉಜ್ಜಿನಮ್ಮ ಬಂದು ಮೊದಲು ನೋಡಿದ್ದು ಅವನ ಮೊಂಡುಗೈಯನ್ನಲ್ಲ, ಶ್ರಾವಣಿಯ ಬಾಯನ್ನು. ಅವಳು ಸೆರಗಿನ ಚುಂಗನ್ನು ಬಾಯಿಗೆ ತುರುಕಿ ಹಲ್ಲು ಕಚ್ಚಿ ಮಲಗಿದ್ದಳು. ನರ್ಸ್ ಎಷ್ಟು ಹೇಳಿದರೂ ತೆಗೆದಿರಲಿಲ್ಲ. ಡ್ರಿಪ್ ಒಂದೇ ಆಧಾರ.

ಉಜ್ಜಿನಮ್ಮ ಎದೆ ಎದೆ ಬಡಿದುಕೊಂಡಳು.

“ಯಾಕಪ್ಪ ಒಡೆದೆ ಅವನ್ನ? ಹಳೇ ಪೆಟ್ಟಿಗೆ ಪಕ್ಕದಾಗೇ ಇತ್ತಲ್ಲ, ಅದಕ್ಕೇ ವಾಪಸ್ ಇಳಿಸೋದು ಬಿಟ್ಟು! ಅದಕ್ಕೆ ಇರೋಕೆ ಜಾಗ ಇಲ್ದಂಗೆ ಮಾಡಿದೆ. ತೆರೆದಿದ್ದ ಬಾಯಿ ಇವಳದೊಂದೇ.” ದನಿ ತಗ್ಗಿಸಿದಳು. “ಬೆಳುಗುಪ್ಪದ ತಾವ ಒಬ್ಬ ಮಂತ್ರವಾದಿ ಐದಾನೆ. ಹೋಗಿ ಕರ್ಕೊಂಡು ಬತ್ತೀನಿ. ಅಲ್ಲೀಗಂಟ ಇವಳನ್ನ ಮಾತಾಡಿಸಬ್ಯಾಡ.”

ಉಜ್ಜಿನಮ್ಮ ಹೋದ ಮೇಲೆ ಡಾಕ್ಟರು ಬಂದರು. ಗಂಟಲಿಗೆ ಊತ ಅಷ್ಟೇ, ಮಾತು ಬರಬೇಕು, ಹೆದರಿಕೆಯಿಂದ ಬಾಯಿ ಕಚ್ಚಿದ್ದಾರೆ ಎಂದರು. ವೈರಿಂಗ್ ಸರಿಯಿಲ್ಲದ ಮನೆಯಲ್ಲಿ ಶಾಕ್ ಹೊಡೆದು ಕೈ ಬಿಗಿದುಕೊಂಡಿರಬೇಕು ಎಂದೂ ಹೇಳಿದರು. ಚಂದ್ರಮೋಹನ್ ಆ ಮಾತಿಗೆ ಜೋತುಬಿದ್ದ. ಶಾಕ್ ಎಂದಾದರೆ ತಪ್ಪು ವೈರಿನದು. ಮಾಟ ಎಂದಾದರೆ ತನ್ನದು. ಅವಳ ಕೊರಳಿನ ಕಪ್ಪು ಗುರುತುಗಳನ್ನು ನೋಡುತ್ತ ಅಷ್ಟು ದೊಡ್ಡ ತಪ್ಪನ್ನು ಹೊರುವ ಶಕ್ತಿ ಅವನಿಗಿರಲಿಲ್ಲ.

ಎದ್ದು ಅವಳ ಮಂಚದ ಅಂಚಿಗೆ ಕೂತ.

“ಶ್ರಾವಣಿ, ಒಂದ ಮಾತು. ನನ್ನ ಹೆಸರು ಕರಿ, ಸಾಕು. ನಿನ್ನ ದನಿ ಉಳದೈತಿ ಅಂತ ಗೊತ್ತಾಗಲಿ.”

ಅವಳು ಜೋರಾಗಿ ತಲೆಯಾಡಿಸಿದಳು. ಕಣ್ಣಿಂದ ನೀರು ಕಿವಿಗೆ ಇಳಿಯಿತು. ಅವನ ಬಲಗೈಯನ್ನು ಹಿಡಿದು ದೂರ ತಳ್ಳಿದಳು, ಹೋಗಿ ಎಂದು ಬಾಗಿಲು ತೋರಿಸಿದಳು. ತನ್ನ ಮೇಲೆ ಅವಳಿಗೆ ಹೇಸಿಕೆ ಬಂದಿದೆ ಎಂದುಕೊಂಡ.

“ಬೈಯಿ ಬೇಕಾದ್ರ. ಬೈಯಾಕಾದ್ರೂ ಬಾಯಿ ತಗಿ,” ಎಂದು ಬಟ್ಟೆಯ ಚುಂಗು ಹಿಡಿದು ಎಳೆದ. ಅವಳು ಎರಡೂ ಕೈಯಿಂದ ತಡೆದಳು, ಒದೆದಳು. ಅವನು ಬಿಡಲಿಲ್ಲ. ಬಟ್ಟೆ ಹಲ್ಲಿನಿಂದ ಕಳಚಿ ಬಂತು.

ಅವಳು ತುಟಿ ಬಿಗಿದಳು. ಆದರೆ ಒಣಗಿದ ಗಂಟಲು ಕೆರೆದು ಕೆಮ್ಮು ನುಗ್ಗಿಬಂತು.

ಬಂದದ್ದು ಕೆಮ್ಮಲ್ಲ. ಆ ಊಳು. ಕಿಟಕಿಯ ಗಾಜು ಅದುರಿತು. ವಾರ್ಡಿನವರೆಲ್ಲ ಇತ್ತ ತಿರುಗಿದರು. ಶ್ರಾವಣಿ ಬಾಯಿ ಮುಚ್ಚಲು ಒದ್ದಾಡಿದಳು, ಬಾಯಿ ಮುಚ್ಚಲಿಲ್ಲ. ಚಂದ್ರಮೋಹನ್‌ನ ಬಲಗೈ ಹಾಸಿಗೆಯಿಂದ ಮೇಲೆದ್ದಿತು. ಅದನ್ನು ಹಿಡಿದು ನಿಲ್ಲಿಸಲು ಅವನಿಗೆ ಇನ್ನೊಂದು ಕೈ ಇರಲಿಲ್ಲ.