ನೂರಕ್ಕೆ ನೂರು ಹಾಜರಾತಿ

ನಾಲ್ಕನೇ ಮಹಡಿ. ನನ್ನ ಅರ್ಧ ದೇಹ ಕಿಟಕಿಯಿಂದಾಚೆ!

ಕಾಲರ್ ಹಿಡಿದಿದ್ದವನು ತರಬೇತಿ ಕೇಂದ್ರದ ಡೈರೆಕ್ಟರನ ಭಾವಮೈದ. ಕೋಣನಂಥ ಆಳು. ಡೈರೆಕ್ಟರ್ ಕೂತ ಕುರ್ಚಿಯಿಂದ ಏಳಲೂ ಇಲ್ಲ.

"ಕೊನೇ ಸಲ ಹೇಳ್ತೀನಿ. ನಿಮ್ಮಕ್ಕ ಒಂದು ದಿನಾನೂ ಕ್ಲಾಸಿಗೆ ಬಂದಿಲ್ಲ. ರಿಜಿಸ್ಟರ್ ನೋಡು."

"ಬೀಳ್ತಾ ನೋಡ್ಲಾ?"

ನನ್ನ ಕಸುಬು ನಿಮಗೆ ಗೊತ್ತಲ್ಲ... ಊರವರ ತಲೆನೋವನ್ನೆಲ್ಲ ನನ್ನ ತಲೆಗೆ ಕಟ್ಟಿಕೊಳ್ಳುವುದು. ಈ ಸಲದ್ದು ಮನೆಯದೇ. ಅಕ್ಕ ಇಪ್ಪತ್ತು ವರ್ಷ ಇಂಜಿನಿಯರ್ ಆಗಿದ್ದಳು. ಮಾರ್ಕೆಟ್ ಮಲಗಿತು, ಕಂಪನಿ ಅವಳನ್ನು ಮನೆಗೆ ಕಳಿಸಿತು. ಕೆಲಸ ಹೋದ ಇಂಜಿನಿಯರುಗಳಿಗೆಂದು ಸರ್ಕಾರ ತನ್ನ ಖರ್ಚಿನಲ್ಲಿ ಫೈರ್ ಸೇಫ್ಟಿ ಕೋರ್ಸ್ ಶುರುಮಾಡಿದಾಗ ಮೊದಲ ಬೆಂಚಿನಲ್ಲಿ ಹೋಗಿ ಕೂತಳು. ಆರು ತಿಂಗಳು ಒಂದೇ ಒಂದು ದಿನ ತಪ್ಪಿಸಲಿಲ್ಲ. ಆಸ್ಪತ್ರೆಯೊಂದರಲ್ಲಿ ಸೇಫ್ಟಿ ಆಫೀಸರ್ ಕೆಲಸ ಅವಳಿಗಾಗಿ ಕಾದಿತ್ತು. ಪಾಸಾದವರ ಪಟ್ಟಿ ಇವತ್ತು ಐದಕ್ಕೆ ಇಲಾಖೆ ಸೇರಬೇಕು. ಅದರಲ್ಲಿ ಅವಳ ಜಾಗದಲ್ಲಿ ಈ ಕೋಣನ ಹೆಸರು! ಹಾಜರಾತಿ ನೂರಕ್ಕೆ ನೂರು!

ಗಂಟೆ ನಾಲ್ಕೂವರೆ.

ಜೇಬಿನಲ್ಲಿ ಲೈಟರ್ ಇತ್ತು. ಮೂಗಿನ ಮುಂದೆ ಗಾಳಿಗೆ ಆಚೆ ಹಾರಿದ ಕಿಟಕಿಯ ಪರದೆ... ಇನ್ನೇನು ಬೇಕು?

ಭಗ್ಗನೆ ಹತ್ತಿಕೊಂಡಿತು!

"ಅಯ್ಯಯ್ಯೋ! ಆರಿಸೋ ಅದನ್ನ!" ಡೈರೆಕ್ಟರ್ ಕಿರುಚಿದ.

ಕೋಣ ಕಾಲರ್ ಬಿಟ್ಟ. ನಾನು ಕಿಟಕಿಯ ಚೌಕಟ್ಟು ಹಿಡಿದು ಒಳಗೆ ಉರುಳಿದೆ. ಅವನು ಗೋಡೆಯ ಮೇಲಿನ ಕೆಂಪು ಸಿಲಿಂಡರ್ ಕಿತ್ತ. ಹಿಸುಕಿದ. ಅಲ್ಲಾಡಿಸಿದ. ಮೇಜಿಗೆ ಕುಟ್ಟಿದ. ಊಹೂಂ! ನಾನು ಮೊಬೈಲ್ ತೆಗೆದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆ.

"ಮೊದ್ಲು ಪಿನ್ ಎಳೀಬೇಕು ಕಣೋ ಮುಠ್ಠಾಳ!"

ಬಾಗಿಲಲ್ಲಿ ಅಕ್ಕ. ಮೆಟ್ಟಿಲ ಮೇಲೆ ಕಾಯುತ್ತಿದ್ದವಳು ಹೊಗೆ ಕಂಡು ನುಗ್ಗಿ ಬಂದಿದ್ದಳು. ಸಿಲಿಂಡರ್ ಕಸಿದಳು. ಪಿನ್ ಎಳೆದು ಬೆಂಕಿಯ ಬುಡಕ್ಕೆ ಹಿಡಿದಳು. ಹತ್ತೇ ಸೆಕೆಂಡು!

ಆಮೇಲೆ ನನ್ನ ಕಪಾಳಕ್ಕೆ ಬಿಟ್ಟಳು.

"ಹಚ್ಚಿದ್ದು ನೀನೇ ತಾನೆ? ಕೆಳಗೆ ಕ್ಲಾಸಲ್ಲಿ ಮೂವತ್ತು ಜನ ಕೂತಿದಾರೆ!"

ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಆದರೆ ನಾಚಿಕೊಂಡು ಕೂರಲು ಹೊತ್ತಿರಲಿಲ್ಲ.

ಡೈರೆಕ್ಟರ್ ತಲೆಯಿಂದ ಕಾಲಿನವರೆಗೆ ಬಿಳಿ ಪುಡಿ ಹೊದ್ದು ಕೆಮ್ಮುತ್ತಿದ್ದ. ಮೊಬೈಲನ್ನು ಅವನ ಮುಖಕ್ಕೆ ಹಿಡಿದೆ.

"ಫೈರ್ ಸೇಫ್ಟೀಲಿ ಪಾಸಾದವನು ಸಾರ್ ಇವನು... ಇಲಾಖೆಗೆ ಏನು ಹೋಗ್ಲಿ? ಹೊಸ ಪಟ್ಟಿನಾ, ಈ ವಿಡಿಯೋನಾ?"

ಅವನು ಪೆನ್ ತೆಗೆದ. ಭಾವಮೈದನ ಹೆಸರು ಹೊಡೆದುಹಾಕಿದ, ಅಕ್ಕನದು ಬರೆದ, ಸೀಲ್ ಒತ್ತಿದ.

"ಇವನನ್ನ ಏನು ಮಾಡ್ಲಯ್ಯಾ? ಮನೇಲಿ ನನ್ನ ಹೆಂಡತಿ ಸುಮ್ನೆ ಬಿಡ್ತಾಳಾ?"

"ಮುಂದಿನ ಬ್ಯಾಚಿಗೆ ಸೇರಿಸಿ ಸಾರ್. ಆದ್ರೆ ಈ ಸಲ ಕ್ಲಾಸಿಗೂ ಕಳಿಸಿ!"